ಒಂದು ಮಿಲಿಮೀಟರ್ ಎರಡು ಸೆಂಟಿಮೀಟರ್ ಆದಾಗ

ಇವತ್ತಿನ ಕತೆ ಶುರುವಾಗೋದು ನಮ್ಮಜ್ಜನ ಪಾಸ್‌ಪೋರ್ಟ್ ಸೈಜ್ ಫೋಟೋದಿಂದ. ಅವರು ತೀರಿಕೊಂಡಾಗ ಮನೇಲಿ ಇದ್ದದ್ದು ಅದೊಂದೇ. ಸ್ಟುಡಿಯೋಗೆ ಕೊಟ್ಟು ಗೋಡೆಗೆ ಹಾಕೋ ಸೈಜಿಗೆ ಮಾಡಿಸಿದ್ವಿ. ಫ್ರೇಮ್ ಬಂತು. ಅಜ್ಜಿ ನೋಡಿ, "ಇವ್ರು ಯಾರೋ ಬೇರೆ" ಅಂದ್ಬಿಟ್ರು. ಫೋಟೋದಲ್ಲಿ ಏನೂ ಬದಲಾಯಿಸಿರಲಿಲ್ಲ. ದೊಡ್ಡದು ಮಾಡಿದ್ರು, ಅಷ್ಟೇ.

ಕಂಚಿನ ಶಿಲ್ಪ ಮಾಡೋರಿಗೆ ಈ ತಲೆನೋವು ತುಂಬಾ ಹಳೇದು. ಶಿಲ್ಪಿ ತನ್ನ ಕೈಗೆಟುಕುವ ಅಳತೆಯಲ್ಲಿ ಮಾದರಿ ಮಾಡ್ತಾನೆ. ಊರಿನವರಿಗೆ ಬೇಕಾಗಿರೋದು ಅದರ ಎಷ್ಟೋ ಪಟ್ಟು ದೊಡ್ಡದು. ಹಾಗಾದ್ರೆ ಮಧ್ಯದ ಕೆಲಸ ಮಾಡೋರು ಯಾರು?

ಫ್ರಾನ್ಸ್‌ಗೆ ಹೋಗೋಣ. 1830ರ ದಶಕದಲ್ಲಿ ಅಶಿಲ್ ಕೊಲಾ ಅನ್ನೋ ಎಂಜಿನಿಯರ್ ಒಂದು ಯಂತ್ರ ಮಾಡಿದ. ಅದರ ಒಂದು ಕಡೆ ಸೂಜಿ ಮಾದರಿಯ ಮೈಮೇಲೆ ಸವರಿಕೊಂಡು ಹೋಗುತ್ತೆ, ಇನ್ನೊಂದು ಕಡೆ ಉಳಿ ಅದೇ ಆಕಾರವನ್ನ ಬೇರೆ ಅಳತೆಯಲ್ಲಿ ಕೆತ್ತುತ್ತೆ. ಮೊದಮೊದಲು ಇದರಲ್ಲಿ ದೊಡ್ಡ ಶಿಲ್ಪಗಳನ್ನ ಮನೆಯಲ್ಲಿಡೋ ಸೈಜಿಗೆ ಇಳಿಸ್ತಿದ್ರು. ಇದೇ ಥರದ ಯಂತ್ರವನ್ನ ಉಲ್ಟಾ ದಿಕ್ಕಲ್ಲಿ ಓಡಿಸಿದವನು ಹೆನ್ರಿ ಲೆಬೊಸ್ಸೆ. ರೊಡಾನ್ ಮಾಡಿದ 'ದಿ ಥಿಂಕರ್' ಗೊತ್ತಲ್ವಾ, ಗಲ್ಲಕ್ಕೆ ಕೈ ಕೊಟ್ಟು ಕೂತಿರೋ ಆಸಾಮಿ? ಅವನು ಮೊದಲು ಸುಮಾರು 70 ಸೆಂಟಿಮೀಟರ್ ಅಷ್ಟೇ ಇದ್ದ. 1904ರಲ್ಲಿ ಪ್ಯಾರಿಸ್ ಜನ ನೋಡಿದ ಆಳೆತ್ತರದ ಥಿಂಕರ್ ಲೆಬೊಸ್ಸೆ ಕೈಯಲ್ಲಿ ಬೆಳೆದವನು. ರೊಡಾನ್ ಹೆಸರು ಎಲ್ಲರಿಗೂ ಗೊತ್ತು. ಲೆಬೊಸ್ಸೆ ಹೆಸರು ನನಗೆ ಸಿಕ್ಕಿದ್ದು ಈ ಎಪಿಸೋಡ್‌ಗೆ ಓದುವಾಗ.

ಈಗ ಆ ಸೂಜಿಯ ಜಾಗಕ್ಕೆ ಬೆಳಕು ಬಂದಿದೆ. ಸ್ಕ್ಯಾನರ್ ಮಾದರಿಯ ಮೈಯನ್ನ ಲಕ್ಷಾಂತರ ಬಿಂದುಗಳಾಗಿ ಕಂಪ್ಯೂಟರ್‌ಗೆ ಹಾಕುತ್ತೆ. ಅಲ್ಲಿ ಎಷ್ಟು ಪಟ್ಟು ಬೇಕೋ ಹಿಗ್ಗಿಸಬಹುದು. ಆದರೆ ಆ ಫೈಲಿಗೆ ಕಂಚಿನ ಗುಣ ಗೊತ್ತಿಲ್ಲ. ಕರಗಿದ ಕಂಚು ಆರುವಾಗ ಕುಗ್ಗುತ್ತೆ, ಹಾಗಾಗಿ ಪ್ರತಿ ಭಾಗವನ್ನೂ ಸ್ವಲ್ಪ ದೊಡ್ಡದಾಗೇ ಮಾಡ್ಕೋಬೇಕು. ಒಳಗೆ ಟೊಳ್ಳು ಬಿಡಬೇಕು, ಗೋಡೆ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ದಪ್ಪ ಇರಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆದ್ರೆ ಆರುವಾಗ ಬಿರುಕು ಬಿಡಬಹುದು. ತೋಳನ್ನ ಎಲ್ಲಿ ಕತ್ತರಿಸಬೇಕು? ಬಟ್ಟೆಯ ಮಡಿಕೆಯಲ್ಲಿ ಕತ್ತರಿಸಿದ್ರೆ ಬೆಸುಗೆ ಮುಚ್ಚಿಹೋಗುತ್ತೆ, ನುಣುಪಾದ ಕೆನ್ನೆ ಮೇಲೆ ಕತ್ತರಿಸಿದ್ರೆ ಉಜ್ಜಿ ಉಜ್ಜಿ ಸಾಯಬೇಕು. ಇದನ್ನೆಲ್ಲ ಮೌಸ್ ಹಿಡಿದವರಿಗೆ ಹೇಳಿಕೊಡೋದು ಭಟ್ಟಿ ಮುಂದೆ ಕೈ ಸುಟ್ಟುಕೊಂಡವರೇ.

ಗುಜರಾತಿನ ಏಕತಾ ಪ್ರತಿಮೆ ತಗೊಳ್ಳಿ. 2018ರಲ್ಲಿ ಅನಾವರಣ ಆಯ್ತು. ಎತ್ತರ 182 ಮೀಟರ್, ಅಂದ್ರೆ 597 ಅಡಿ. ಶಿಲ್ಪಿ ರಾಮ್ ಸುತಾರ್ ಅವರ 30 ಅಡಿ ಮಾದರಿಯನ್ನ ಸ್ಕ್ಯಾನ್ ಮಾಡಿ ಹಿಗ್ಗಿಸಿದ್ರು. ನಾನು ಬಿ.ಕಾಂ, ಲೆಕ್ಕ ಬಿಡಲ್ಲ: ಸುಮಾರು 20 ಪಟ್ಟು. ಮಾದರಿಯಲ್ಲಿ ಒಂದು ಮಿಲಿಮೀಟರ್ ಆಳದ ಬೆರಳ ಗುರುತು ಇದ್ರೆ ಮೇಲೆ ಅದು ಎರಡು ಸೆಂಟಿಮೀಟರ್ ತೋಡು. ಅದನ್ನ ಉಳಿಸಬೇಕಾ, ಅಳಿಸಬೇಕಾ? ಕೆಳಗೆ ನಿಂತು ನೋಡೋರಿಗೆ ತಲೆ ಚಿಕ್ಕದಾಗಿ ಕಾಣುತ್ತೆ, ಅದನ್ನ ಎಷ್ಟು ಸರಿಮಾಡಬೇಕು? ಇವಕ್ಕೆ ಸಾಫ್ಟ್‌ವೇರ್‌ನಲ್ಲಿ ಬಟನ್ ಇಲ್ಲ. ಯಾರೋ ಒಬ್ಬರು ಕೂತು ನೋಡಿ ತೀರ್ಮಾನ ಮಾಡಬೇಕು.

ಆ ಪ್ರತಿಮೆಯ ಕಂಚಿನ ಹೊದಿಕೆ ಎರಕ ಆಗಿದ್ದು ಚೀನಾದಲ್ಲಿ. ಆಗ ಅದರ ಬಗ್ಗೆ ದೊಡ್ಡ ಜಗಳವೇ ಆಯ್ತು. ನನಗನ್ನಿಸೋದು, ಆಕಾರ ಒಂದು ಫೈಲ್ ಆದಮೇಲೆ ಎಲ್ಲಿಗೆ ಬೇಕಾದ್ರೂ ಕಳಿಸಬಹುದು, ಆದರೆ ಅಷ್ಟು ದೊಡ್ಡ ಎರಕದ ಕೆಲಸಾನ, ಅದು ಗೊತ್ತಿರೋ ಕೈಗಳನ್ನ ಇಮೇಲ್ ಮಾಡಕ್ಕಾಗಲ್ಲ. ಜಗಳ ಆಗಬೇಕಿದ್ದದ್ದು ಅದರ ಬಗ್ಗೆ.

ನಮ್ಮ ಬೆಂಗಳೂರು ಏರ್‌ಪೋರ್ಟ್ ಹತ್ತಿರದ 108 ಅಡಿ ಕೆಂಪೇಗೌಡರೂ ಸುತಾರ್ ಅವರದ್ದೇ, 2022ರ ನವೆಂಬರ್ 11ಕ್ಕೆ ಅನಾವರಣ ಆದದ್ದು. 98 ಟನ್ ಕಂಚು, 120 ಟನ್ ಉಕ್ಕು. ಹೋದ ತಿಂಗಳು ಫ್ರೆಂಡ್‌ನ ಬಿಡೋಕೆ ಹೋದಾಗ ಅರ್ಧ ಗಂಟೆ ಸುತ್ತಾಡಿ ಬೆಸುಗೆ ಗೆರೆ ಹುಡುಕಿದೆ. ಒಂದೂ ಸಿಗಲಿಲ್ಲ.