ಗಾಲ್ಫ್ ಕೋಲಿನ ಕಾವು

ಚಿಕ್ಕೋಡಿ ತಾಲೂಕಿನ ನಮ್ಮೂರಿನಲ್ಲಿ ಯಾರೂ ಗಾಲ್ಫ್ ಆಡುವುದಿಲ್ಲ. ಕಬ್ಬು ಕಡಿಯುತ್ತಾರೆ, ತಂಬಾಕು ಬೆಳೆದು ನಿಪ್ಪಾಣಿಗೆ ಒಯ್ಯುತ್ತಾರೆ. ಆದರೆ ಕಾವು ಅಂದರೆ ಏನು ಅಂತ ಎಲ್ಲರಿಗೂ ಗೊತ್ತು.

ಬೆಂಗಳೂರಿನಲ್ಲಿ ಆಫೀಸಿನ ಗೆಳೆಯರ ಸಂಗಡ ಹೋಗಿ ಗಾಲ್ಫ್ ಹುಚ್ಚು ಹಿಡಿಸಿಕೊಂಡ ನಾನು, ಎರಡು ವರ್ಷದ ಹಿಂದೆ ಒಂದು ಐರನ್ ಸೆಟ್ ಕೊಂಡೆ. ಸೆಕೆಂಡ್ ಹ್ಯಾಂಡ್. ಶಾಫ್ಟ್ ಮೇಲೆ 'ಎಸ್' ಅಂತಿತ್ತು, ಅಂದರೆ ಸ್ಟಿಫ್, ಬಿರುಸು. ವಯಸ್ಸಿನ ಹುಡುಗ, ಬಿರುಸೇ ಇರಲಿ ಅಂದುಕೊಂಡೆ :-) ಮೂರು ತಿಂಗಳಲ್ಲಿ ಎಡ ಮೊಣಕೈ ನೋವು ಶುರುವಾಯಿತು, ಚೆಂಡು ಬಲಕ್ಕೇ ಹೋಗುತ್ತಿತ್ತು. ಆ ದೀಪಾವಳಿಗೆ ಊರಿಗೆ ಹೋಗುವಾಗ ಏಳನೇ ಐರನ್ ಒಯ್ದಿದ್ದೆ. ಅಜ್ಜ ಅದನ್ನು ಕೈಯಲ್ಲಿ ಹಿಡಿದು ತೂಗಿ, ತುದಿಯನ್ನು ನೆಲಕ್ಕೆ ಬಡಿದು ನೋಡಿ, "ಇದನ್ನ ಯಾರ ಕೈಗೆ ಮಾಡ್ಯಾರೋ ತಮ್ಮಾ?" ಅಂದ.

ಅಜ್ಜ ಕೊಡಲಿ ಕಾವಿಗೆ ಜಾಲಿಯ ಟೊಂಗೆ ತಂದು ನೆರಳಲ್ಲಿ ಒಣಗಿಸಿ, ಕೆತ್ತಿ, ಬೀಸಿ ನೋಡಿ, ಮತ್ತೆ ಕೆತ್ತುವವನು. ಗಾಲ್ಫ್‌ನ ಇತಿಹಾಸ ಓದಿದಾಗ ನನಗೆ ಕಂಡಿದ್ದೂ ಇದೇ. ನೂರು ವರ್ಷದ ಹಿಂದಿನವರೆಗೂ ಗಾಲ್ಫ್ ಕೋಲಿನ ಕಾವು ಮರದ್ದೇ. ಸ್ಕಾಟ್ಲೆಂಡಿನಲ್ಲಿ ಮೊದಲು ಆಶ್, ಹೇಝಲ್ ಮರ ಬಳಸುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ಹಿಕರಿ ಬಂತು. ಗಟ್ಟಿ, ಆದರೂ ಬಾಗುತ್ತದೆ. ತಲೆ ಕಮ್ಮಾರ ಮಾಡಿದರೂ, ಕಾವನ್ನು ಕುಶಲಕರ್ಮಿ ಆಟಗಾರನ ಕೈಗೆ ಹೊಂದುವಂತೆ ಕೆರೆದು ತೆಳ್ಳಗೆ ಮಾಡಿಕೊಡುತ್ತಿದ್ದ. 1876ರಲ್ಲಿ ಶುರುವಾದ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮೊದಲ ಆಟಗಾರರೂ ಮರದ ಕಾವಿನ ಕೋಲುಗಳನ್ನೇ ಬೀಸಿದವರು.

ಹಿಕರಿಯ ತೊಂದರೆಯೆಂದರೆ ಒಂದರಂತೆ ಇನ್ನೊಂದು ಇರುವುದಿಲ್ಲ. ಹೊಡೆದಾಗ ತಿರುಚಿಕೊಳ್ಳುತ್ತದೆ ಬೇರೆ. ಹಾಗಾಗಿ ಆಡುವವರು ಒಂದೊಂದೇ ಕೋಲನ್ನು ಕೈಯಿಂದಲೇ ಪರೀಕ್ಷಿಸಿ ಸೆಟ್ ಕೂಡಿಸುತ್ತಿದ್ದರು. 1930ರಲ್ಲಿ ಒಂದೇ ವರ್ಷ ನಾಲ್ಕೂ ದೊಡ್ಡ ಪಂದ್ಯ ಗೆದ್ದ ಬಾಬಿ ಜೋನ್ಸ್ ಕೈಯಲ್ಲಿದ್ದದ್ದು ಹಿಕರಿ. ಬಹಳ ವರ್ಷದ ಮೇಲೆ ಆತನ ಕೋಲುಗಳನ್ನು ಯಂತ್ರದಲ್ಲಿ ಅಳೆದಾಗ ಒಂದನ್ನು ಬಿಟ್ಟು ಎಲ್ಲವೂ ಹೊಂದಿಕೊಂಡಿದ್ದವಂತೆ, ಹೊಂದದ ಆ ಒಂದರ ಜೊತೆಗೇ ಆತ ಸದಾ ಒದ್ದಾಡುತ್ತಿದ್ದನಂತೆ. ಕತೆ ಇರಬಹುದು. ಆದರೆ ಅಜ್ಜನನ್ನು ನೋಡಿದ ನಾನು ನಂಬುತ್ತೇನೆ.

ಅಷ್ಟರಲ್ಲಿ ಉಕ್ಕು ಬಂದಾಗಿತ್ತು. ಅಮೆರಿಕ 1920ರ ದಶಕದಲ್ಲೇ ಉಕ್ಕಿನ ಶಾಫ್ಟ್ ಒಪ್ಪಿಕೊಂಡಿತು, ಸೇಂಟ್ ಆಂಡ್ರ್ಯೂಸ್‌ನ ಹಿರಿಯರು 1929ರಲ್ಲಿ ಒಪ್ಪಿದರು. 1931ರ ಯುಎಸ್ ಓಪನ್ ಗೆದ್ದ ಬಿಲ್ಲಿ ಬರ್ಕ್ ಕೈಯಲ್ಲಿ ಉಕ್ಕೇ ಇತ್ತು. ತಮಾಷೆ ಗೊತ್ತಾ? ಮೊದಮೊದಲ ಉಕ್ಕಿನ ಶಾಫ್ಟುಗಳಿಗೆ ಮರದಂತೆ ಕಾಣಲಿ ಅಂತ ಬಣ್ಣದ ಹೊದಿಕೆ ಹಾಕುತ್ತಿದ್ದರು!

ಕಾರ್ಖಾನೆಯಲ್ಲಿ ಒಂದೇ ಅಚ್ಚಿನ ಸೆಟ್ ಸಿಗತೊಡಗಿದ ಮೇಲೆ ಕೆಲವರು ಇಪ್ಪತ್ತೈದಕ್ಕಿಂತ ಹೆಚ್ಚು ಕೋಲು ಹೊರಿಸಿಕೊಂಡು ಓಡಾಡಿದರು. ಹೊರುತ್ತಿದ್ದವನು ಕ್ಯಾಡಿ ತಾನೆ. ಕೊನೆಗೆ 1938ರಲ್ಲಿ ಅಮೆರಿಕದಲ್ಲಿ, ಮರುವರ್ಷ ಬ್ರಿಟನ್ನಿನಲ್ಲಿ ಹದಿನಾಲ್ಕರ ಮಿತಿ ಬಂತು.

ಉಕ್ಕಿನಿಂದ ಲಾಭವೇ ಜಾಸ್ತಿ, ಅದರಲ್ಲಿ ಅನುಮಾನವಿಲ್ಲ. ಆದರೆ ಕೈ ನೋಡಿ ಕಾವು ಕೆರೆಯುವವನು ಹೋಗಿ ಆ ಜಾಗಕ್ಕೆ ಆರ್, ಎಸ್, ಎಕ್ಸ್ ಅನ್ನುವ ಅಕ್ಷರಗಳು ಬಂದವು. ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಯೇ ಇಲ್ಲ! ಒಬ್ಬರ 'ಆರ್' ಇನ್ನೊಬ್ಬರ 'ಎಸ್'ನಷ್ಟು ಬಿರುಸಿರಬಹುದು. ಬೀಸುವ ವೇಗ ಕಡಿಮೆ ಇದ್ದವನಿಗೆ ಬಿರುಸು ಶಾಫ್ಟ್ ಬಾಗುವುದೇ ಇಲ್ಲ, ಹಾಗಾಗಿ ಬಲಗೈ ಆಟಗಾರನ ಚೆಂಡು ತಗ್ಗಾಗಿ ಬಲಕ್ಕೆ ಹೋಗುತ್ತದೆ. ನನ್ನದು ಇದೇ ಕತೆ. ನನ್ನ ಪ್ರಕಾರ ಅಕ್ಷರಕ್ಕಿಂತ ಮೊದಲು ತೂಕ ನೋಡಬೇಕು. ಬಿರುಸು ಉಕ್ಕಿನದು ಸುಮಾರು 130 ಗ್ರಾಂ, ಹಗುರ ಉಕ್ಕಿನದು 90-100. 1970ರ ಸುಮಾರಿಗೆ ಬಂದ ಗ್ರಾಫೈಟ್ ಇನ್ನೂ ಹಗುರ, ಕೈಗೆ ಅದರುವುದೂ ಕಡಿಮೆ.

ಹೊಸ ಸೆಟ್ ಕೊಳ್ಳುವ ಮುಂಚೆ ಈ ಸಲ ಒಂದೇ ತಲೆಗೆ ಮೂರು ಬಗೆಯ ಶಾಫ್ಟ್ ಹಾಕಿಸಿ, ಕಣ್ಣಿಗೆ ಅಕ್ಷರ ಬೀಳದಂತೆ ಕಾಗದ ಸುತ್ತಿ, ತಲಾ ಇಪ್ಪತ್ತು ಚೆಂಡು ಹೊಡೆದೆ. ಆರಿಸಿದ್ದು 95 ಗ್ರಾಂನ 'ಆರ್'. ಮೊಣಕೈ ಈಗ ಪರವಾಗಿಲ್ಲ. ಹಳೆ ಸೆಟ್ ಮಂಚದ ಕೆಳಗಿದೆ, ಕೊಳ್ಳುವವರು ಇನ್ನೂ ಸಿಕ್ಕಿಲ್ಲ.