ಇಸ್ಲಾಮಿಕ್ ಅಧ್ಯಯನ: ಉಪಖಂಡದ ವಿಶ್ವವಿದ್ಯಾಲಯಗಳಲ್ಲಿ

ಇಸ್ಲಾಂ ಧರ್ಮ, ಅದರ ಚರಿತ್ರೆ, ಕಾನೂನು, ತತ್ತ್ವಚಿಂತನೆ ಮತ್ತು ಮುಸ್ಲಿಂ ಸಮಾಜಗಳ ಬದುಕನ್ನು ಪದವಿ ಮಟ್ಟದಲ್ಲಿ ಬೋಧಿಸುವ ಅಧ್ಯಯನ ವಿಷಯ. ಭಾರತ ಉಪಖಂಡದಲ್ಲಿ ಇದು ಎಲ್ಲಿ ಆರಂಭವಾಯಿತು ಎಂಬ ಬಗ್ಗೆ ಬರಹಗಾರರಲ್ಲಿ ಒಮ್ಮತವಿಲ್ಲ. ಮಹಮೂದ್ ಗವಾನ್ 1472ರ ಸುಮಾರಿಗೆ ಬೀದರಿನಲ್ಲಿ ಕಟ್ಟಿಸಿದ ಮದರಸವನ್ನು ವಿಶ್ವವಿದ್ಯಾಲಯವೆಂದೇ ಕರೆಯುವವರಿದ್ದಾರೆ. ಅದು ಉನ್ನತ ವಿದ್ಯೆಯ ಕೇಂದ್ರವಾಗಿದ್ದುದು ನಿಜ. ಪಠ್ಯಕ್ರಮ ಗೊತ್ತುಮಾಡಿ, ಪರೀಕ್ಷೆ ನಡೆಸಿ ಪದವಿ ಕೊಡುವ ಇಂದಿನ ವ್ಯವಸ್ಥೆಗೂ ಅದಕ್ಕೂ ನೇರ ನಂಟಿಲ್ಲ. ವಾರನ್ ಹೇಸ್ಟಿಂಗ್ಸ್ ಸ್ಥಾಪಿಸಿದ ಕಲ್ಕತ್ತ ಮದರಸಕ್ಕೆ ಕೆಲವು ಆಕರಗಳು 1780 ಎಂದೂ ಕೆಲವು 1781 ಎಂದೂ ವರ್ಷ ಕೊಡುತ್ತವೆ. ಕಂಪನಿ ಸರ್ಕಾರದ ನ್ಯಾಯಾಲಯಗಳಿಗೆ ಇಸ್ಲಾಮಿಕ್ ಕಾನೂನು ಬಲ್ಲ ಅಧಿಕಾರಿಗಳನ್ನು ತಯಾರಿಸುವುದು ಅದರ ಮುಖ್ಯ ಉದ್ದೇಶವಾಗಿತ್ತು. ಅದು ಆಲಿಯಾ ವಿಶ್ವವಿದ್ಯಾಲಯವಾದದ್ದು 21ನೆಯ ಶತಮಾನದಲ್ಲಿ.

ಗೊಂದಲಕ್ಕೆ ಮುಖ್ಯ ಕಾರಣ, ಮೂರು ಬೇರೆಬೇರೆ ಬೋಧನೆಗಳನ್ನು ಒಂದೇ ಎಂದು ಎಣಿಸುವುದು. ಅರಬ್ಬಿ, ಫಾರಸಿ ಭಾಷೆಗಳನ್ನು ಕಲಿಸುವುದು ಒಂದು. ಮುಸ್ಲಿಂ ವಿದ್ಯಾರ್ಥಿಗಳಿಗೆ ಅವರ ಧರ್ಮವನ್ನು ಬೋಧಿಸುವ ‘ದೀನಿಯಾತ್’ ಇನ್ನೊಂದು. ಇಸ್ಲಾಮನ್ನು ಇತಿಹಾಸವಾಗಿ, ಸಂಸ್ಕೃತಿಯಾಗಿ ಯಾರು ಬೇಕಾದರೂ ಓದಬಹುದಾದ ವಿಷಯ ಮೂರನೆಯದು. ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬುದರ ಮೇಲೆ ಆರಂಭದ ವರ್ಷ ಬದಲಾಗುತ್ತದೆ.

ಅಲೀಗಢದ ಮೊಹಮ್ಮಡನ್ ಆಂಗ್ಲೋ ಓರಿಯಂಟಲ್ ಕಾಲೇಜಿನಲ್ಲಿ ಇದ್ದದ್ದು ಎರಡನೆಯ ಬಗೆ. ಕಾಲೇಜಿನ ಸ್ಥಾಪಕ ಸರ್ ಸಯ್ಯದ್ ಅಹಮದ್ ಖಾನರ ಧಾರ್ಮಿಕ ವಿಚಾರಗಳನ್ನು ಉಲೇಮಾಗಳು (ಧರ್ಮಪಂಡಿತರು) ಕಟುವಾಗಿ ವಿರೋಧಿಸುತ್ತಿದ್ದರು. ಹಾಗಾಗಿ ಅವರು ಧರ್ಮಬೋಧೆಯ ಹೊಣೆಯನ್ನು ಸುನ್ನಿ, ಷಿಯಾ ಪ್ರತ್ಯೇಕ ಸಮಿತಿಗಳಿಗೆ ಬಿಟ್ಟು ತಾವು ದೂರ ಉಳಿದರು. ಆಧುನಿಕ ವಿಚಾರಗಳಿಗೆ ಹೆಸರಾದ ಕಾಲೇಜಿನ ತರಗತಿಯಲ್ಲಿ ಹೀಗೆ ಸಂಪ್ರದಾಯದ ದೀನಿಯಾತ್ ನೆಲೆನಿಂತಿತು. ಇಸ್ಲಾಂ ಚರಿತ್ರೆಯ ವಿದ್ವಾಂಸ ಶಿಬ್ಲಿ ನೊಮಾನಿ ಅಲ್ಲಿ ಅಧ್ಯಾಪಕರಾಗಿದ್ದರು. ತತ್ತ್ವಶಾಸ್ತ್ರ ಕಲಿಸುತ್ತಿದ್ದ ಥಾಮಸ್ ಆರ್ನಾಲ್ಡ್ ಇಸ್ಲಾಂ ಹರಡಿದ ಬಗೆಯನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು 1896ರಲ್ಲಿ ಪ್ರಕಟಿಸಿದರು. ಆದರೆ ಅದೆಲ್ಲ ವೈಯಕ್ತಿಕ ವಿದ್ವತ್ತಿನ ಫಲ, ಒಂದು ವಿಭಾಗದ ಕೆಲಸವಲ್ಲ.

ಮೂರನೆಯ ಬಗೆಯ ಹಾದಿಯಲ್ಲಿ ನಿಜವಾದ ತಿರುವು ಢಾಕಾದ್ದು. ಭಾರತದಲ್ಲಿ ಬರೆದ ಚರಿತ್ರೆಗಳಲ್ಲಿ ಇದಕ್ಕೆ ಸಿಗುವ ಜಾಗ ಬಲು ಕಡಿಮೆ. 1947ರ ಗಡಿ ಹಿಂದಿನ ಕಾಲವನ್ನೂ ಕೊಯ್ದಂತಿದೆ. ಬಂಗಾಳ ವಿಭಜನೆ 1911ರಲ್ಲಿ ರದ್ದಾದಾಗ ಪೂರ್ವ ಬಂಗಾಳದ ಮುಸ್ಲಿಂ ಮುಖಂಡರು ಅಸಮಾಧಾನಗೊಂಡರು. ಮರುವರ್ಷ ವೈಸರಾಯ್ ಹಾರ್ಡಿಂಜ್ ಢಾಕಾಕ್ಕೆ ಒಂದು ವಿಶ್ವವಿದ್ಯಾಲಯದ ಭರವಸೆ ಕೊಟ್ಟರು. ಅದರ ಯೋಜನೆ ರೂಪಿಸಿದ ನೇಥನ್ ಸಮಿತಿ ಇಸ್ಲಾಮಿಕ್ ಅಧ್ಯಯನಕ್ಕೊಂದು ವಿಭಾಗ ಬೇಕೆಂದಿತು. ವಿಭಾಗ ತೆರೆದರೆ ವಿದ್ಯಾರ್ಥಿಗಳು ಎಲ್ಲಿಂದ ಬರಬೇಕು? ಅದಕ್ಕೆ ತಕ್ಕಂತೆ ಮದರಸಗಳ ಪಠ್ಯವನ್ನೇ ಬದಲಿಸುವ ‘ನ್ಯೂ ಸ್ಕೀಮ್’ 1915ರಲ್ಲಿ ಜಾರಿಗೆ ಬಂತು. ಫಾರಸಿಯನ್ನು ಕೈಬಿಟ್ಟು ಇಂಗ್ಲಿಷನ್ನು ಕಡ್ಡಾಯ ಮಾಡಿದ್ದು ಅದರ ಹೆಚ್ಚುಗಾರಿಕೆ. ಕಲ್ಕತ್ತ ಮದರಸ ಇದನ್ನು ಒಪ್ಪದೆ ಹಳೆಯ ಕ್ರಮದಲ್ಲೇ ಮುಂದುವರಿಯಿತು. ಯೋಜನೆಯ ಹಿಂದಿದ್ದ ಅಬು ನಸ್ರ್ ವಹೀದ್ ಅವರೇ, 1921ರ ಜುಲೈಯಲ್ಲಿ ಢಾಕಾ ವಿಶ್ವವಿದ್ಯಾಲಯ 12 ವಿಭಾಗಗಳೊಂದಿಗೆ ತೆರೆದಾಗ, ಅರಬ್ಬಿ ಮತ್ತು ಇಸ್ಲಾಮಿಕ್ ಅಧ್ಯಯನ ವಿಭಾಗದ ಮುಖ್ಯಸ್ಥರಾದರು. ಮದರಸದಲ್ಲಿ ಓದಿದ ಹುಡುಗ ಸರ್ಕಾರದ ಮನ್ನಣೆಯುಳ್ಳ ಪದವಿಯವರೆಗೆ ಏರಲು ಒಂದು ಮೆಟ್ಟಿಲು ಹೀಗೆ ಸಿಕ್ಕಿತು.

ಹೈದರಾಬಾದಿನ ಉಸ್ಮಾನಿಯಾ (1918) ದೀನಿಯಾತ್‌ಗೆ ಪ್ರತ್ಯೇಕ ನಿಕಾಯವನ್ನೇ ಕೊಟ್ಟಿತು, ಅದೂ ಉರ್ದು ಮಾಧ್ಯಮದಲ್ಲಿ. ಮನಾಜಿರ್ ಅಹ್ಸನ್ ಗೀಲಾನಿ, ಮುಹಮ್ಮದ್ ಹಮೀದುಲ್ಲಾ ಮೊದಲಾದವರು ಅಲ್ಲಿನ ಅಧ್ಯಾಪಕರು. ನಿಜಾಂ ಆಳ್ವಿಕೆಯ ಕನ್ನಡ ಜಿಲ್ಲೆಗಳ ಉನ್ನತ ಶಿಕ್ಷಣವೂ ಇದೇ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜು ಅದಕ್ಕೆ ಸೇರಿತ್ತು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಬಳಿಕ ಉರ್ದು ಮಾಧ್ಯಮ ಹೋಯಿತು, ದೀನಿಯಾತ್‌ನ ಹಿಂದಿನ ಸ್ಥಾನವೂ ಹೋಯಿತು. ಹಮೀದುಲ್ಲಾ ಪ್ಯಾರಿಸಿನಲ್ಲಿ ನೆಲೆಸಿದರು. ಇದೇ ನಿಜಾಂ 1927ರಲ್ಲಿ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ ಶಾಂತಿನಿಕೇತನದಲ್ಲೂ ಒಂದು ಪೀಠ ಏರ್ಪಟ್ಟು, ಹಂಗೇರಿಯ ಜೂಲಿಯಸ್ ಗೆರ್ಮಾನುಸ್ ಪ್ರಾಧ್ಯಾಪಕರಾಗಿ ಬಂದಿದ್ದರು.

ಸ್ವಾತಂತ್ರ್ಯಾನಂತರದ ಮಾದರಿ ಬಂದದ್ದು ಭಾಗಶಃ ಕೆನಡದಿಂದ. ಲಾಹೋರಿನಲ್ಲಿ ಕಲಿಸಿದ್ದ ವಿಲ್‌ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1952ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇಸ್ಲಾಮಿಕ್ ಅಧ್ಯಯನ ಸಂಸ್ಥೆ ತೆರೆದರು. ಮುಸ್ಲಿಮರೂ ಮುಸ್ಲಿಮೇತರರೂ ಕೂಡಿ ಓದಬೇಕೆಂಬುದು ಅಲ್ಲಿನ ನಿಯಮವೇ ಆಗಿತ್ತು. ಕಾಲೇಜಿನಿಂದ ವಿಶ್ವವಿದ್ಯಾಲಯವಾಗಿ ಬೆಳೆದಿದ್ದ ಅಲೀಗಢದಲ್ಲಿ 1954ರಲ್ಲಿ ಇಂಥದೇ ಸಂಸ್ಥೆ ಹುಟ್ಟಿತು. ಇಂದಿಗೂ ಅಲ್ಲಿ ಸುನ್ನಿ, ಷಿಯಾ ದೀನಿಯಾತ್ ವಿಭಾಗಗಳು ಧರ್ಮಶಾಸ್ತ್ರ ನಿಕಾಯದಲ್ಲಿವೆ, ಇಸ್ಲಾಮಿಕ್ ಅಧ್ಯಯನ ಸಮಾಜವಿಜ್ಞಾನ ನಿಕಾಯದಲ್ಲಿದೆ. ಒಂದೇ ಆವರಣದಲ್ಲಿ ಎರಡೂ ಬಗೆಗಳನ್ನು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಝಾಕಿರ್ ಹುಸೇನ್ ಹೆಸರಿನ ಸಂಸ್ಥೆ 1971ರಲ್ಲಿ ಬಂತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಮುಶೀರುಲ್ ಹಕ್ ಮೆಕ್‌ಗಿಲ್‌ನಲ್ಲಿ ಓದಿದವರು. ಮುಂದೆ ಕಾಶ್ಮೀರ ವಿಶ್ವವಿದ್ಯಾಲಯದ ಕುಲಪತಿಯಾದ ಅವರನ್ನು 1990ರ ಏಪ್ರಿಲ್‌ನಲ್ಲಿ ಉಗ್ರರು ಅಪಹರಿಸಿ ಕೊಂದರು.

ಮದರಸದಿಂದ ವಿಶ್ವವಿದ್ಯಾಲಯಕ್ಕೆ ಬರುವವರ ಪ್ರಶ್ನೆ ಮತ್ತೆ ಎದ್ದದ್ದು ಅಲೀಗಢದಲ್ಲಿ. ಮದರಸ ಪದವೀಧರರಿಗೆ ಇಂಗ್ಲಿಷ್, ಸಮಾಜವಿಜ್ಞಾನಗಳನ್ನು ಕಲಿಸುವ ‘ಬ್ರಿಡ್ಜ್ ಕೋರ್ಸ್’ 2013ರಲ್ಲಿ ಶುರುವಾಯಿತು. ನ್ಯೂ ಸ್ಕೀಮ್ ಬಂದ ನೂರು ವರ್ಷದ ಹೊತ್ತಿಗೆ ಅದೇ ಕೆಲಸವನ್ನು ಹೊಸದೆಂಬಂತೆ ಹಮ್ಮಿಕೊಂಡದ್ದನ್ನು ಯಾವ ವರದಿಯೂ ಒತ್ತಿ ಹೇಳಿದಂತಿಲ್ಲ.

ತೀರ ಈಚಿನ ವಿವಾದ ಪಠ್ಯದ್ದು. ರಾಜಕೀಯ ಇಸ್ಲಾಮಿನ ಪ್ರತಿಪಾದಕರಾದ ಅಬುಲ್ ಅಅಲಾ ಮೌದೂದಿ, ಈಜಿಪ್ಟಿನ ಸಯ್ಯಿದ್ ಕುತುಬ್ ಇಬ್ಬರ ಬರಹಗಳನ್ನು ಬೋಧಿಸುವುದನ್ನು ಆಕ್ಷೇಪಿಸಿ 2022ರ ಜುಲೈ ಕೊನೆಯಲ್ಲಿ 20ಕ್ಕೂ ಹೆಚ್ಚು ವಿದ್ವಾಂಸರು ಪ್ರಧಾನಿಗೆ ಬಹಿರಂಗ ಪತ್ರ ಬರೆದರು. ಕೆಲವೇ ದಿನಗಳಲ್ಲಿ ಅಲೀಗಢ ಅವನ್ನು ಪಠ್ಯಕ್ರಮದಿಂದ ತೆಗೆಯಿತು. ವಿವಾದ ಬೆಳೆಯದಿರಲೆಂದು ಹೀಗೆ ಮಾಡಿದ್ದಾಗಿ ವಿಶ್ವವಿದ್ಯಾಲಯ ಹೇಳಿತು. ರಾಜಕೀಯ ಇಸ್ಲಾಮನ್ನು ವಿಮರ್ಶಿಸಬೇಕಾದರೂ ಅದರ ಮೂಲ ಬರಹಗಳನ್ನು ಓದಬೇಕಲ್ಲವೇ ಎಂದು ಅಧ್ಯಾಪಕರಲ್ಲಿ ಕೆಲವರು ಆಗ ಕೇಳಿದರು.