ಬಿಟ್ಟ ನಾಯಿ, ನಡಸಿದ ನಾಯಿ

ಅರಸೀಕೆರೆಯಲ್ಲಿ ರೈಲಿನಿಂದಿಳಿದು, ಆ ಊರಿನ ಈಶ್ವರ ದೇವಾಲಯವನ್ನು ಕಂಡು, ಅಲ್ಲಿಂದ ಹಳೇಬೀಡು ಬೇಲೂರುಗಳಿಗೆ ಹೊರಡುವ ಯಾತ್ರಿಕರು ಗೋಡೆಯ ಮೇಲಿನ ಆನೆಗಳನ್ನು ಎಣಿಸುತ್ತಾರೆ, ಕುದುರೆಗಳನ್ನು ಮೆಚ್ಚುತ್ತಾರೆ. ನಾಯಿಯನ್ನು ಹುಡುಕುವವರು ವಿರಳ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಟ್ಟಿಕೆಗಳಲ್ಲಿ ಸಾಲಾಗಿ ಓಡುವ ಕುದುರೆಗಳ ಮೇಲೆ ಸವಾರರಿದ್ದಾರೆ. ನಾಯಿಯಾದರೋ ಭೈರವನ ಕಾಲ ಬಳಿಯದು. ಡಮರು, ತ್ರಿಶೂಲ, ಕಪಾಲ, ರುಂಡಗಳಿಂದ ಸ್ವಾಮಿಯ ಕೈಗಳೆಲ್ಲವೂ ತುಂಬಿವೆ. ನಾಯಿಯ ಹಗ್ಗಕ್ಕೆ ಕೈ ಉಳಿದಿಲ್ಲ!

ಇದನ್ನು ನಾನು ವಿನೋದಕ್ಕಾಗಿ ಮಾತ್ರ ಹೇಳುತ್ತಿಲ್ಲ. ನಮ್ಮ ಹಿರಿಯರು ಕುದುರೆಯನ್ನು ನಡಸುತ್ತಿದ್ದರು, ನಾಯಿಯನ್ನು ಬಿಡುತ್ತಿದ್ದರು. "ಛೂ ಬಿಡುವುದು" ಎಂಬ ನಮ್ಮ ಮಾತಿನಲ್ಲಿಯೇ ಆ ಪದ್ಧತಿಯ ಇತಿಹಾಸವಿದೆ. ಬೇಲೂರಿನ ಮದನಿಕೆಗಳಲ್ಲಿ ಒಬ್ಬಳು ಬೇಟೆಗಾತಿ. ಅವಳ ಪರಿವಾರದವಳೊಬ್ಬಳು ಕೋಲಿನ ಎರಡು ತುದಿಗಳಿಗೆ ಜಿಂಕೆಯನ್ನೂ ಕೊಕ್ಕರೆಯನ್ನೂ ಕಟ್ಟಿ ಹೊತ್ತಿದ್ದಾಳೆ. ಇನ್ನೊಬ್ಬಳು ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಸಿಕೊಳ್ಳುತ್ತಿದ್ದಾಳೆ. ಮನುಷ್ಯರ ಬೇಟೆಯ ಶ್ರಮವನ್ನು ಶಿಲ್ಪಿ ಮುಳ್ಳಿನವರೆಗೂ ಬಲ್ಲನು. ನಾಯಿಯ ಶ್ರಮವನ್ನು ತಿಳಿಯಬೇಕಾದರೆ 1117ರ ಆ ದೇವಾಲಯದಿಂದ ಸುಮಾರು ನೂರ ಎಪ್ಪತ್ತು ವರ್ಷ ಹಿಂದಕ್ಕೆ, ಈಗಿನ ಮಂಡ್ಯ ಜಿಲ್ಲೆಯ ಆತಕೂರಿಗೆ ಹೋಗಬೇಕು.

949ರಲ್ಲಿ ತಕ್ಕೋಲದ ಯುದ್ಧ ನಡೆಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಕಾದಿದನು. ಚೋಳ ರಾಜಾದಿತ್ಯನು ಮಡಿದನು. ಬೂತುಗನ ಭಟನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆಂದರೆ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಬಳಿಕ ಬೆಳ್ತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಅದನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವೆಲ್ಲ ತಟ್ಟಲೆಂದು ಶಾಪವೂ ಬರೆಯಲ್ಪಟ್ಟಿತು. ನಾಯಿಯನ್ನು ಹಿಂದಕ್ಕೆ ಕರೆದರೆಂಬ ಮಾತು ಶಾಸನದಲ್ಲಿಲ್ಲ. ಬಿಟ್ಟವನ ಕೆಲಸ ಬಿಟ್ಟ ಕ್ಷಣಕ್ಕೆ ಮುಗಿಯಿತು. ಯಾವ ನಾಯಿ, ಯಾವ ಮೃಗ, ಯಾವ ಕ್ಷಣ ಎಂಬ ವಿವೇಕವೆಲ್ಲವೂ ಹಗ್ಗ ಕೈಯಲ್ಲಿದ್ದಾಗಲೇ ಆಗಬೇಕು. ಮುಂದಿನ ನಿರ್ಣಯ ನಾಯಿಯದು.

ಬೇಲೂರಿನ ವಿಷ್ಣುವರ್ಧನನ ಕಾಲದವನೇ ಆದ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ತುರಗವಾಹ್ಯಾಲಿಯನ್ನು ಒಂದು ವಿನೋದವಾಗಿಯೂ ಸಾರಮೇಯವಿನೋದವನ್ನು ಮತ್ತೊಂದಾಗಿಯೂ ಬೇರೆಬೇರೆ ವಿವರಿಸಿದನು. ವಾಹ್ಯಾಲಿಯೆಂದರೆ ಕುದುರೆಯನ್ನು ಪಳಗಿಸಿ ಓಡಿಸುವ ಬಯಲು. ಈ ಎರಡೂ ಒಂದಾಗುವುದಕ್ಕೆ ಎಂಟು ಶತಮಾನಗಳಿಗೂ ಮಿಕ್ಕಿ ಕಾಲ ಹಿಡಿಯಿತು, ಅದೂ ಲಂಡನ್ನಿನಲ್ಲಿ. 1978ರ ಕ್ರಫ್ಟ್ಸ್ ಶ್ವಾನಪ್ರದರ್ಶನದಲ್ಲಿ, ಕುದುರೆಗಳು ಬೇಲಿ ಹಾರುವ ಪಂದ್ಯವನ್ನು ಅನುಸರಿಸಿ, ನಾಯಿಗಳಿಗೆ ಅಡ್ಡಗಂಬಿ, ಸುರಂಗ, ತೂಗುಹಲಗೆಗಳನ್ನಿಟ್ಟು ಓಡಿಸಿದರು. ಅಜಿಲಿಟಿ ಎಂದು ಹೆಸರಾದ ಪಂದ್ಯ ಇದೇ. ವಾಹ್ಯಾಲಿಯೇನೋ ಸರಿ, ಆದರೆ ಬೆನ್ನ ಮೇಲೆ ಸವಾರನಿಲ್ಲ, ಬಾಯಲ್ಲಿ ಕಡಿವಾಣವಿಲ್ಲ. ನಡಸುವವನು ನಾಯಿಯನ್ನು ಮುಟ್ಟಕೂಡದು. ಧ್ವನಿ, ಕೈಸನ್ನೆ, ಮೈಯ ತಿರುವು, ಇಷ್ಟೇ ಸಾಧನ.

ಇಲ್ಲಿಯೂ ಪದ್ಧತಿಗಳ ಭೇದವುಂಟು. ಒಬ್ಬನು ನಾಯಿಗಿಂತ ಮುಂದಾಗಿ ಓಡಿ, ಅದರ ದಾರಿಗೆ ಅಡ್ಡಹಾಯ್ದು ತಿರುವು ತೋರುತ್ತಾನೆ. ಇದಕ್ಕೆ ಕಾಲಿನಲ್ಲಿ ಬಲ ಬೇಕು. ಇನ್ನೊಬ್ಬನು ಅದನ್ನು ಮುಂದೆ ಬಿಟ್ಟು ಬೆನ್ನ ಹಿಂದೆ ದಾಟುತ್ತಾನೆ. ಮತ್ತೊಬ್ಬನು ದೂರದಲ್ಲಿ ನಿಂತು ಮಾತಿನಿಂದಲೇ ನಡಸುತ್ತಾನೆ. ಇದಕ್ಕೆ ತಿಂಗಳುಗಟ್ಟಲೆಯ ಪೂರ್ವಶಿಕ್ಷಣ ಬೇಕು. ನನ್ನ ಮೆಚ್ಚುಗೆ ಈ ಕಡೆಯವನಿಗೆ. ಆತಕೂರಿನ ಬೇಟೆಗಾರನಿಗೆ ಅವನೇ ಹತ್ತಿರದ ನಂಟ: ಇಬ್ಬರೂ ನಾಯಿಯ ಬುದ್ಧಿಯನ್ನು ನಂಬಿದವರು. ಆದರೆ ಪಂದ್ಯದಲ್ಲಿ ನಾಯಿ ದಾರಿ ತಪ್ಪಿದರೆ ತಿಳಿದವರು ನಡಸಿದವನ ಕೈಯನ್ನೇ ನೋಡುತ್ತಾರೆ.

ಈ ಭೇದವನ್ನರಿಯದೆ ನಮ್ಮ ಮುಧೋಳದ ನಾಯಿಯನ್ನು ಹೇಳಿದ ಮಾತು ಕೇಳದ ಹಟಮಾರಿಯೆಂದು ದೂರುವವರುಂಟು. ಇದು ಅನ್ಯಾಯ. ಅದು ಕಣ್ಣಿನಿಂದ ಬೇಟೆಯಾಡುವ ಜಾತಿ. ಮೊಲ ಕಂಡೊಡನೆ ಯಜಮಾನನನ್ನು ಕೇಳುತ್ತ ನಿಂತರೆ ಮೊಲವೆಲ್ಲಿ! ಕೇಳದೆ ಓಡುವುದಕ್ಕೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿ, ಈಗ ಕೇಳಲಿಲ್ಲವೆಂದು ಜರೆಯುವುದೇ? ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಿತ್ತದ್ದು ಈ ಓಟದ ಹೆಮ್ಮೆಯಿಂದ. 2016ರಲ್ಲಿ ಭಾರತೀಯ ಸೈನ್ಯವು ಮೀರತ್ತಿನಲ್ಲಿ ಇದೇ ತಳಿಯ ಮರಿಗಳಿಗೆ ಶಿಕ್ಷಣವನ್ನು ಆರಂಭಿಸಿತು. ಬಿಟ್ಟ ನಾಯಿಯನ್ನು ನಡಸುವ ನಾಯಿಯಾಗಿಸುವ ಕಷ್ಟವನ್ನು ಅಲ್ಲಿಯ ಶಿಕ್ಷಕರು ಬಲ್ಲರು.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಮೇಲ್ಭಾಗದಲ್ಲಿ ಕಾಳಿಯೂ ಹಂದಿಯೂ ಇನ್ನೂ ಸೆಣಸುತ್ತಿವೆ. ಮಣಲೆರನ ಹೆಸರು ಅಕ್ಷರಗಳಲ್ಲಿದೆ, ಚಿತ್ರದಲ್ಲಿ ಅವನಿಲ್ಲ.